ಸ್ಕೋಪು ಕೊಳ್ಳುವಾಗ ಕೆಳಗಿನ ಅಂಕಿಯಿಂದ ಲೆಕ್ಕ ಹಾಕಿ

ಎಆರ್-15 ಮಾದರಿಯ ರೈಫಲ್ ಇಟ್ಟುಕೊಂಡಿರುವ ಅಮೆರಿಕದ ಹವ್ಯಾಸಿ ಶೂಟರುಗಳಲ್ಲಿ ಈಗ ಒಂದು ಬಗೆಯ ಗಿಡ್ಡ ಸ್ಕೋಪು ಮನೆಮಾತಾಗಿದೆ. ಅದರ ಪವರ್ ಒಂದರಿಂದ ಶುರುವಾಗಿ ನಾಲ್ಕಕ್ಕೋ ಆರಕ್ಕೋ ಎಂಟಕ್ಕೋ ಹತ್ತಕ್ಕೋ ಮುಗಿಯುತ್ತದೆ. ಪವರ್ ಬದಲಿಸುವ ಉಂಗುರವನ್ನು ಒಂದು ತುದಿಗೆ ತಿರುಗಿಸಿದರೆ ಎರಡೂ ಕಣ್ಣು ತೆರೆದುಕೊಂಡು ಬರಿಗಣ್ಣಿನಲ್ಲಿ ಕಂಡಷ್ಟೇ ದೊಡ್ಡದಾಗಿ ಗುರಿಯನ್ನು ನೋಡಬಹುದು, ಇನ್ನೊಂದು ತುದಿಗೆ ತಿರುಗಿಸಿದರೆ ಗುರಿ ಹತ್ತಿರಕ್ಕೆ ಬರುತ್ತದೆ. ಎಲ್‌ಪಿವಿಒ ಎಂಬ ಗಿಡ್ಡ ಹೆಸರಿನಿಂದ ಕರೆಯುವ ಈ ಸ್ಕೋಪುಗಳ ಬೆಲೆ ಸುಮಾರು 300 ಡಾಲರಿನಿಂದ ಹಿಡಿದು 2,000 ಡಾಲರನ್ನೂ ದಾಟುತ್ತದೆ. ಅಂಗಡಿಯಲ್ಲಿ ಕೊಳ್ಳುವವರ ಕಣ್ಣು ಮೊದಲು ಹೋಗುವುದು ಡಬ್ಬಿಯ ಮೇಲಿನ ಎರಡನೆಯ ಅಂಕಿಯ ಕಡೆಗೆ. ಆರಕ್ಕಿಂತ ಎಂಟು ಮೇಲು, ಎಂಟಕ್ಕಿಂತ ಹತ್ತು ಮೇಲು ಎಂಬುದು ಸಹಜವಾಗಿ ಹೊಳೆಯುವ ಲೆಕ್ಕ. ರೇಂಜಿನಲ್ಲಿ ಗುರಿ ಹೊಡೆಯುವವರ ಮಟ್ಟಿಗೆ ಈ ಲೆಕ್ಕ ತಲೆಕೆಳಗಾದದ್ದು ಎಂಬುದು ನನ್ನ ವಾದ. ಈ ಬಗೆಯ ಸ್ಕೋಪಿನಲ್ಲಿ ನಾವು ದುಡ್ಡು ಕೊಡುವುದು ಕೆಳಗಿನ ಅಂಕಿಗೆ, ಅಂದರೆ ಒಂದು ಪಟ್ಟಿನಲ್ಲಿ ಅದು ಎಷ್ಟು ಸರಾಗವಾಗಿ ಕೆಲಸ ಮಾಡುತ್ತದೆ ಎಂಬುದಕ್ಕೆ. ಮೇಲಿನ ಅಂಕಿ ನಾಲ್ಕೋ ಆರೋ ಇದ್ದರೆ ಬಹುಪಾಲು ಕೆಲಸ ನಡೆಯುತ್ತದೆ.

ಹಾಗಿದ್ದರೆ ಒಂದು ಪಟ್ಟೇ ಬೇಡದವರು ಏನು ಮಾಡಬೇಕು? ಅವರು ಈ ಸ್ಕೋಪನ್ನೇ ಕೊಳ್ಳಬಾರದು. ಮೇಜಿನ ಮುಂದೆ ಕೂತು, ಮರಳು ಚೀಲದ ಮೇಲೆ ರೈಫಲ್ ಇಟ್ಟು, 100 ಗಜದ ಕಾಗದದ ಮೇಲೆ ಗುಂಡುಗಳ ಗುಂಪು ಎಷ್ಟು ಸಣ್ಣದಾಗುತ್ತದೆ ಎಂದು ನೋಡುವುದಷ್ಟೇ ನಿಮ್ಮ ಸಂತೋಷವಾದರೆ, ಹಳೆಯ 3-9 ಅಥವಾ 4-16 ಸ್ಕೋಪು ಅದೇ ಹಣಕ್ಕೆ ಹೆಚ್ಚು ಒಳ್ಳೆಯ ಗಾಜನ್ನೂ ದೊಡ್ಡ ಲೆನ್ಸನ್ನೂ ಕೊಡುತ್ತದೆ. ಭಾರತದಲ್ಲಿ ಒಲಿಂಪಿಕ್ ಮಾದರಿಯ ಶೂಟಿಂಗ್ ಕಲಿಯುವವರಿಗಂತೂ ಈ ಪ್ರಶ್ನೆಯೇ ಏಳುವುದಿಲ್ಲ. ಐಎಸ್‌ಎಸ್‌ಎಫ್ ಎಂಬ ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮದ 10 ಮೀಟರ್ ಏರ್ ರೈಫಲ್, 50 ಮೀಟರ್ ರೈಫಲ್ ಸ್ಪರ್ಧೆಗಳಲ್ಲಿ ಟೆಲಿಸ್ಕೋಪಿಕ್ ಸ್ಕೋಪಿಗೆ ಅವಕಾಶವಿಲ್ಲ. 2008ರ ಒಲಿಂಪಿಕ್ಸಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಸಣ್ಣ ರಂಧ್ರದ ಮೂಲಕ ನೋಡುವ ಅಪರ್ಚರ್ ಸೈಟಿನಲ್ಲಿ. ಎಲ್‌ಪಿವಿಒ ಅರ್ಥಪೂರ್ಣವಾಗುವುದು ಒಂದೇ ದಿನ ಹತ್ತು ಗಜದ ಗುರಿಗೂ ಇನ್ನೂರು ಗಜದ ಉಕ್ಕಿನ ತಟ್ಟೆಗೂ ಹೊಡೆಯುವವರಿಗೆ, ನಿಂತು, ಮೊಣಕಾಲೂರಿ, ಮಲಗಿ ಭಂಗಿ ಬದಲಿಸುವವರಿಗೆ, ತ್ರೀ-ಗನ್‌ನಂಥ ಮೂರು ಬಗೆಯ ಬಂದೂಕು ಬಳಸುವ ಸ್ಪರ್ಧೆಗಳಲ್ಲಿ ಗಡಿಯಾರದ ಎದುರು ಓಡುವವರಿಗೆ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಸ್ಕೋಪಿಗಿಂತ ಮೊದಲೇ ಹೇಳಬೇಕಾದ ಒಂದು ಮಾತಿದೆ. ಎಚ್-1ಬಿಯಂಥ ವಲಸೆಯೇತರ ವೀಸಾದ ಮೇಲೆ ಇರುವವರು ಬಂದೂಕನ್ನಾಗಲಿ ಗುಂಡನ್ನಾಗಲಿ ಹೊಂದುವುದನ್ನು ಅಲ್ಲಿನ ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ಬೇಟೆ ಪರವಾನಗಿಯಂಥ ಕೆಲವೇ ವಿನಾಯಿತಿಗಳಿವೆ. ರೇಂಜಿನಲ್ಲಿ ಬಾಡಿಗೆ ರೈಫಲ್ ಕೈಗೆತ್ತಿಕೊಂಡರೂ ಅದು ಹೊಂದಿದಂತೆಯೇ ಲೆಕ್ಕ. ಸ್ನೇಹಿತರು ಕರೆದರೆಂದು ಹೊರಡುವ ಮುನ್ನ ಇದನ್ನು ವಕೀಲರಲ್ಲಿ ಖಚಿತಪಡಿಸಿಕೊಳ್ಳಿ. ರೈಫಲ್ ಸ್ಕೋಪು ಅಮೆರಿಕದ ರಫ್ತು ನಿಯಂತ್ರಣಕ್ಕೆ ಒಳಪಟ್ಟ ವಸ್ತು ಕೂಡ. ಬರಿಯ ಗಾಜು ತಾನೇ ಎಂದು ಊರಿನ ನೆಂಟರಿಗಾಗಿ ಸೂಟ್‌ಕೇಸಿಗೆ ಹಾಕಿಕೊಂಡು ವಿಮಾನ ಹತ್ತುವುದು ದೊಡ್ಡ ತೊಂದರೆಗೆ ದಾರಿಯಾಗಬಹುದು.

ಈಗ ಎಷ್ಟು ಪವರ್ ಸಾಕು ಎಂಬ ವಿಷಯ. ಆರೋಗ್ಯವಂತ ಕಣ್ಣು ಒಳ್ಳೆಯ ಬೆಳಕಿನಲ್ಲಿ ಸುಮಾರು ಒಂದು ನಿಮಿಷ ಕೋನದಷ್ಟು ಸೂಕ್ಷ್ಮವನ್ನು ಬೇರೆಬೇರೆಯಾಗಿ ಗುರುತಿಸುತ್ತದೆ. ಡಿಗ್ರಿಯ ಅರುವತ್ತನೆಯ ಒಂದು ಭಾಗವಾದ ಈ ಅಳತೆಯನ್ನೇ ಶೂಟರುಗಳು ಎಂಒಎ ಎನ್ನುವುದು. 100 ಮೀಟರಿನಲ್ಲಿ ಅದು 29 ಮಿಲಿಮೀಟರ್. ನಾಲ್ಕು ಪಟ್ಟಿನ ಸ್ಕೋಪಿನಲ್ಲಿ ಅದು ಸುಮಾರು 7 ಮಿಲಿಮೀಟರಿಗೆ, ಆರು ಪಟ್ಟಿನಲ್ಲಿ 5ಕ್ಕೆ, ಹತ್ತು ಪಟ್ಟಿನಲ್ಲಿ 3ಕ್ಕೆ ಇಳಿಯುತ್ತದೆ. ಈ ಅಂಕಿಗಳನ್ನು ನಿಮ್ಮ ರೈಫಲ್ ಮತ್ತು ಗುಂಡಿನ ಪಕ್ಕದಲ್ಲಿಟ್ಟು ನೋಡಿ. ಸಗಟಾಗಿ ಸಿಗುವ ಅಗ್ಗದ 55 ಗ್ರೇನ್ ಗುಂಡುಗಳು ಸಾಮಾನ್ಯ ಎಆರ್‌ನಲ್ಲಿ 2ರಿಂದ 4 ಎಂಒಎ ಹರಡಿಕೊಳ್ಳುವುದು ಮಾಮೂಲು. ಅಂದರೆ 100 ಮೀಟರಿನಲ್ಲಿ 6ರಿಂದ 12 ಸೆಂಟಿಮೀಟರ್. ಗುಂಡುಗಳೇ ಅಂಗೈಯಗಲ ಚೆಲ್ಲುವಾಗ, ಐದು ಮಿಲಿಮೀಟರಿನ ಸೂಕ್ಷ್ಮ ಕಾಣಲಿಲ್ಲ, ಮೂರು ಮಿಲಿಮೀಟರೇ ಕಾಣಬೇಕು ಎಂದು ನೂರಾರು ಡಾಲರ್ ಹೆಚ್ಚು ಕೊಡುವುದರಲ್ಲಿ ಹುರುಳಿಲ್ಲ.

ಗುರಿ ಇಡುವುದೆಂದರೆ ಸಣ್ಣದನ್ನು ಗುರುತಿಸುವುದೂ ಅಲ್ಲ. ಒಂದು ದುಂಡು ಕಪ್ಪಿನ ನಡುವೆ ಚುಕ್ಕೆಯನ್ನೋ ಅಡ್ಡಗೆರೆಯನ್ನೋ ಸರಿಯಾಗಿ ಕೂರಿಸುವ ಕೆಲಸ ಅದು. ಎರಡು ಗೆರೆಗಳು ಒಂದೇ ಸಾಲಿನಲ್ಲಿವೆಯೇ, ನಾಲ್ಕೂ ಕಡೆ ಜಾಗ ಸಮವಾಗಿದೆಯೇ ಎಂದು ತೂಗುವುದರಲ್ಲಿ ನಮ್ಮ ಕಣ್ಣು ಆ ಒಂದು ನಿಮಿಷದ ಮಿತಿಗಿಂತ ಎಷ್ಟೋ ಪಾಲು ಚುರುಕು. ಇದಕ್ಕೆ ಸೇನೆಯ ಮಾದರಿಯ ರೈಫಲ್ಲಿನಲ್ಲಿ ನಡೆಯುವ ಅಮೆರಿಕದ ಸರ್ವಿಸ್ ರೈಫಲ್ ಸ್ಪರ್ಧೆಗಳಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಓಹಿಯೋದ ಕ್ಯಾಂಪ್ ಪೆರಿಯಲ್ಲಿ ನಡೆಯುವ ರಾಷ್ಟ್ರೀಯ ಪಂದ್ಯಗಳಿಗೆ ನಿಯಮ ರೂಪಿಸುವ ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂ 2016ರಲ್ಲಿ ಸರ್ವಿಸ್ ರೈಫಲ್‌ಗೆ ಮೊದಲ ಬಾರಿಗೆ ಸ್ಕೋಪು ಒಪ್ಪಿಕೊಂಡಾಗ ಇಟ್ಟ ಮಿತಿ 4.5 ಪಟ್ಟು, ಮುಂದಿನ ಲೆನ್ಸ್ 34 ಮಿಲಿಮೀಟರ್ ಮೀರಬಾರದು. ಆ ಪಂದ್ಯದಲ್ಲಿ 200 ಗಜದಲ್ಲಿ ನಿಂತು ಮತ್ತು ಕೂತು, 300 ಗಜದಲ್ಲಿ ಮಲಗಿ ಹೊಡೆದ ಮೇಲೆ 600 ಗಜಕ್ಕೆ ಹೋಗುತ್ತಾರೆ. ಅಲ್ಲಿನ ಗುರಿಯ ಕಪ್ಪು ವೃತ್ತ 36 ಇಂಚು, ಹತ್ತು ಅಂಕದ ಉಂಗುರ 12 ಇಂಚು, ಅಂದರೆ ಎರಡು ಎಂಒಎ. ಅರ್ಧ ಕಿಲೋಮೀಟರಿಗಿಂತ ದೂರದ ಆ ಉಂಗುರಕ್ಕೆ ನಾಲ್ಕೂವರೆ ಪಟ್ಟು ಸಾಕಾಗುತ್ತಿದೆ. ಅದಕ್ಕೂ ಮೊದಲಿನ ಪೀಳಿಗೆಗಳು ಅಲ್ಲೇ ಕಬ್ಬಿಣದ ಸೈಟಿನಲ್ಲಿ ಹೊಡೆದು ಗೆದ್ದಿದ್ದವು. ನಿಮ್ಮ ಊರಿನ ರೇಂಜು 100 ಅಥವಾ 200 ಗಜಕ್ಕೆ ಮುಗಿಯುವಾಗ ಹತ್ತು ಪಟ್ಟಿನ ಹಂಬಲಕ್ಕೆ ಆಧಾರ ತೆಳುವಾಗುತ್ತದೆ. ಇಲ್ಲಿ ಗುರಿಯ ಕಾಗದ ಆರಿಸುವುದೂ ಮುಖ್ಯ. ಸಣ್ಣ ಪವರಿನಲ್ಲಿ ಒಂದು ಇಂಚಿನ ಚುಕ್ಕೆಯನ್ನು ರೆಟಿಕಲ್, ಅಂದರೆ ಸ್ಕೋಪಿನೊಳಗಿನ ಗುರಿಗೆರೆ, ಮುಚ್ಚಿಬಿಡುತ್ತದೆ. 100 ಗಜಕ್ಕೆ ಆರಿಂಚಿನ ದುಂಡು ಕಪ್ಪು ಹಾಕಿ, ಅದರ ನಡುವೆ ಗೆರೆ ಕೂರಿಸಿದರೆ ಗುಂಪು ತಾನಾಗಿ ಸಣ್ಣದಾಗುತ್ತದೆ.

ಇದಕ್ಕೆ ಒಂದು ನ್ಯಾಯವಾದ ಆಕ್ಷೇಪವಿದೆ: ನನ್ನ ಗುಂಡು ಎಲ್ಲಿ ಬಿತ್ತೆಂದು ನನಗೆ ಕಾಣಬೇಡವೇ? ಕಾಣಬೇಕು, ನಿಜ. .223 ಗುಂಡಿನ ತೂತು ಐದೂವರೆ ಮಿಲಿಮೀಟರಿನಷ್ಟಿರುತ್ತದೆ. ಮೇಲಿನ ಲೆಕ್ಕದಂತೆ ಆರು ಪಟ್ಟಿನಲ್ಲಿ ಅದು ಕಣ್ಣಿನ ಅಂಚಿನಲ್ಲಿದೆ. ಬಿಳಿ ಕಾಗದದ ಮೇಲೆ ಕಷ್ಟಪಟ್ಟು ಕಾಣಬಹುದು, ಕಪ್ಪಿನ ಮೇಲೆ ಇಲ್ಲ. ಆದರೆ ಹತ್ತು ಪಟ್ಟೂ ಕಪ್ಪಿನ ಮೇಲಿನ ತೂತನ್ನು ಭರವಸೆಯಿಂದ ತೋರಿಸುವುದಿಲ್ಲ. ಆ ಕೆಲಸಕ್ಕೆ ಇಪ್ಪತ್ತು ಪಟ್ಟು ಮೀರಿದ ಸ್ಪಾಟಿಂಗ್ ಸ್ಕೋಪು ಇದೆ. ಮುಕ್ಕಾಲಿಯ ಮೇಲೆ ನಿಲ್ಲಿಸಿದ ಸಾಧಾರಣ ಬೆಲೆಯದ್ದೊಂದು ನಿಮ್ಮ ಎಲ್ಲ ರೈಫಲ್‌ಗಳಿಗೂ ಆಗುತ್ತದೆ, ಜೊತೆಯವರೂ ನೋಡಬಹುದು. ಅದೂ ಬೇಡವೆಂದರೆ ಗುಂಡು ತಾಗಿದಲ್ಲಿ ಹಳದಿ ಉಂಗುರ ಮೂಡುವ ಕಾಗದಗಳು ಸಿಗುತ್ತವೆ. ಉಕ್ಕಿನ ತಟ್ಟೆಯಾದರೆ ಸದ್ದೇ ಹೇಳುತ್ತದೆ. ತೂತು ನೋಡುವ ಕೆಲಸವನ್ನೂ ಗುರಿ ಇಡುವ ಕೆಲಸವನ್ನೂ ಒಂದೇ ಗಾಜಿಗೆ ವಹಿಸಿದರೆ ಎರಡನೆಯದಕ್ಕೆ ನಷ್ಟ.

ಆ ನಷ್ಟ ಏನೆಂಬುದನ್ನು ಬಿಡಿಸಿ ಹೇಳುವುದು ಅಗತ್ಯ, ಏಕೆಂದರೆ ಡಬ್ಬಿಯ ಮೇಲೆ ಅದನ್ನು ಯಾರೂ ಬರೆಯುವುದಿಲ್ಲ. ಸ್ಕೋಪಿನ ಹಿಂದಿನಿಂದ ಹೊರಬರುವ ಬೆಳಕಿನ ಕಂಬದ ಅಗಲಕ್ಕೆ ಎಕ್ಸಿಟ್ ಪ್ಯೂಪಿಲ್ ಎನ್ನುತ್ತಾರೆ. ಮುಂದಿನ ಲೆನ್ಸಿನ ಅಗಲವನ್ನು ಪವರಿನಿಂದ ಭಾಗಿಸಿದರೆ ಅದು ಸಿಗುತ್ತದೆ. ಈ ಬಗೆಯ ಬಹುತೇಕ ಸ್ಕೋಪುಗಳಲ್ಲಿ ಮುಂದಿನ ಲೆನ್ಸ್ 24 ಮಿಲಿಮೀಟರ್. ನಾಲ್ಕು ಪಟ್ಟಿನಲ್ಲಿ ಆ ಕಂಬ 6 ಮಿಲಿಮೀಟರ್, ಆರರಲ್ಲಿ 4, ಎಂಟರಲ್ಲಿ 3, ಹತ್ತರಲ್ಲಿ ಬರಿ 2.4. ನಡುಹಗಲಿನ ಬಿಸಿಲಿನಲ್ಲಿ ನಮ್ಮ ಕಣ್ಣಿನ ಪಾಪೆ 2-3 ಮಿಲಿಮೀಟರಿಗೆ ಕುಗ್ಗಿರುತ್ತದೆ, ಮೋಡ ಕವಿದಾಗಲೋ ಒಳಾಂಗಣ ರೇಂಜಿನಲ್ಲೋ ಅದಕ್ಕಿಂತ ಅಗಲವಾಗಿರುತ್ತದೆ. ಬೆಳಕಿನ ಕಂಬ ಪಾಪೆಗಿಂತ ಅಗಲವಿದ್ದರೆ ತಲೆ ಒಂದಿಷ್ಟು ಅತ್ತಿತ್ತ ಸರಿದರೂ ಚಿತ್ರ ಪೂರ್ತಿ ಕಾಣುತ್ತದೆ. ಅಷ್ಟೇ ಇದ್ದರೆ ಅಥವಾ ಕಡಿಮೆಯಿದ್ದರೆ ಕೆನ್ನೆ ಕೂದಲೆಳೆಯಷ್ಟು ಸರಿದ ಕೂಡಲೇ ಅಂಚಿನಲ್ಲಿ ಕಪ್ಪು ಚಂದ್ರಾಕೃತಿ ಕವಿಯುತ್ತದೆ, ಬೆಳಕೂ ಮಂಕಾಗುತ್ತದೆ. ಮೇಜಿನ ಮುಂದೆ ಕೂತವರಿಗೆ ಇದು ಅಷ್ಟಾಗಿ ಬಾಧಿಸದು, ಕೆನ್ನೆ ಒಂದೇ ಕಡೆ ಊರಿರುತ್ತದೆ. ಆದರೆ ಮೊಣಕಾಲೂರಿದಾಗ, ಗೋಡೆಯ ಮಗ್ಗುಲಿನಿಂದ ಓರೆಯಾಗಿ ಹೊಡೆಯುವಾಗ, ಎಡಭುಜಕ್ಕೆ ರೈಫಲ್ ಬದಲಿಸಿದಾಗ ಕಣ್ಣು ಚಿತ್ರವನ್ನು ಹುಡುಕುತ್ತ ಕಾಲ ಕಳೆಯುತ್ತದೆ. ಇಂಥ ಭಂಗಿಗಳಿಗೆಂದೇ ಈ ಸ್ಕೋಪನ್ನು ಕೊಂಡಿರುತ್ತೇವೆ ಎಂಬುದನ್ನು ಮರೆಯಬಾರದು.

ಪವರಿನ ವ್ಯಾಪ್ತಿ ಹಿಗ್ಗಿದಷ್ಟೂ ಕೆಳತುದಿಗೂ ಏಟು ಬೀಳುತ್ತದೆ. ಒಂದರಿಂದ ನಾಲ್ಕರವರೆಗೆ ಮಾತ್ರ ಹಿಗ್ಗುವ ಲೆನ್ಸುಗಳ ಜೋಡಣೆಯನ್ನು ಒಂದು ಪಟ್ಟಿನಲ್ಲಿ ನಿಜವಾಗಿ ಸಪಾಟಾಗಿಸುವುದು ಸುಲಭ. ಒಂದರಿಂದ ಹತ್ತರವರೆಗೆ ಹಿಗ್ಗಬೇಕಾದದ್ದರಲ್ಲಿ ಅದೇ ಗುಣ ತರಲು ದುಬಾರಿ ಗಾಜು, ದಪ್ಪ ಕೊಳವೆ, ನಿಖರ ಯಂತ್ರಕೆಲಸ ಬೇಕು. ವೋರ್ಟೆಕ್ಸ್ ಕಂಪನಿಯ ರೇಜರ್ ಸಾಲಿನಲ್ಲೇ ನೋಡಿ: 1-6 ಸ್ಕೋಪಿನ ಕೊಳವೆ 30 ಮಿಲಿಮೀಟರ್, 1-10ರದ್ದು 34. ಮೇಲ್ದರ್ಜೆಯ ಹಣ ಕೊಡಬಲ್ಲವರಿಗೆ ಹತ್ತು ಪಟ್ಟಿನ ಒಳ್ಳೆಯ ಸ್ಕೋಪುಗಳು ಇವೆ, ಅಲ್ಲಗಳೆಯುವುದಿಲ್ಲ. ಆದರೆ 400 ಡಾಲರ್ ಆಸುಪಾಸಿನಲ್ಲಿ 1-6 ಮತ್ತು 1-10 ಎರಡೂ ಸಿಗುತ್ತಿದ್ದರೆ, ಎರಡನೆಯದರಲ್ಲಿ ಎಲ್ಲೋ ಒಂದು ಕಡೆ ಕತ್ತರಿ ಬಿದ್ದಿದೆ ಎಂದೇ ತಿಳಿಯಿರಿ. ಸಾಮಾನ್ಯವಾಗಿ ಅದು ಬೀಳುವುದು ಒಂದು ಪಟ್ಟಿನ ಚಿತ್ರದ ಮೇಲೆ ಮತ್ತು ಕಣ್ಣಿಡುವ ಸೌಕರ್ಯದ ಮೇಲೆ.

ಸೇನೆಗಳೇ ಎಂಟು ಪಟ್ಟಿಗೆ ಹೋಗಿವೆಯಲ್ಲ ಎಂದು ಕೇಳಬಹುದು. ಹೌದು, ಅಮೆರಿಕದ ಮರೀನ್ ಕೋರ್ 2020ರಲ್ಲಿ ಟ್ರಿಜಿಕಾನ್ ಕಂಪನಿಯ 1-8 ಸ್ಕೋಪನ್ನು ಆರಿಸಿಕೊಂಡಿತು. ಅಲ್ಲಿನ ಭೂಸೇನೆ 2022ರ ಜನವರಿಯಲ್ಲಿ ತನ್ನ ಹೊಸ ರೈಫಲ್‌ಗೆ ವೋರ್ಟೆಕ್ಸಿನ ಎಕ್ಸ್‌ಎಂ157 ಒಪ್ಪಂದ ಮಾಡಿಕೊಂಡಿತು, ಅದೂ 1-8. ಆದರೆ ಆ ಎರಡರ ಮುಂದಿನ ಲೆನ್ಸನ್ನು ಗಮನಿಸಿ. ಮೊದಲನೆಯದು 28 ಮಿಲಿಮೀಟರ್, ಎರಡನೆಯದು 30. ಹೀಗಾಗಿ ಎಂಟು ಪಟ್ಟಿನಲ್ಲೂ ಬೆಳಕಿನ ಕಂಬ ಮೂರೂವರೆ ಮಿಲಿಮೀಟರಿಗಿಂತ ಕೆಳಗಿಳಿಯುವುದಿಲ್ಲ. ಸೈನಿಕನಿಗೆ ದೂರದಲ್ಲಿ ನಿಂತವನ ಕೈಯಲ್ಲಿ ಏನಿದೆ ಎಂದು ಮೊದಲು ತಿಳಿಯಬೇಕು, ಹೊಡೆಯುವುದು ಆಮೇಲಿನ ಮಾತು. ರೇಂಜಿನಲ್ಲಿ ಗುರಿ ಎಲ್ಲಿದೆ, ಏನು, ಎಷ್ಟು ದೂರ ಎಂದು ಮೊದಲೇ ಗೊತ್ತಿರುತ್ತದೆ. ಅದೇ ಭೂಸೇನೆ ತನ್ನ ತುಕಡಿಗಳ ನಿಪುಣ ಗುರಿಕಾರರ ರೈಫಲ್‌ಗೆ ಸಿಗ್ ಸಾವರ್‌ನ 1-6, 24 ಮಿಲಿಮೀಟರ್ ಸ್ಕೋಪನ್ನೇ ಹಾಕಿತ್ತು ಎಂಬುದನ್ನೂ ಪಕ್ಕದಲ್ಲಿಟ್ಟು ನೋಡಬೇಕು.

ಒಂದು ಪಟ್ಟಿನ ಗುಣವನ್ನು ಅಂಗಡಿಯಲ್ಲೇ ಪರೀಕ್ಷಿಸಬಹುದು. ಮೊದಲು ಖಾಲಿ ಗೋಡೆಯ ಕಡೆ ನೋಡುತ್ತ ಹಿಂದಿನ ಡಯಾಪ್ಟರ್ ಉಂಗುರ ತಿರುಗಿಸಿ, ರೆಟಿಕಲ್ ನೋಡಿದ ಕ್ಷಣವೇ ಚೂಪಾಗಿ ಕಾಣುವಂತೆ ಹೊಂದಿಸಿ. ಆಮೇಲೆ ಪವರ್ ಉಂಗುರವನ್ನು ಒಂದಕ್ಕೆ ತಂದು, ಎರಡೂ ಕಣ್ಣು ತೆರೆದು, ಬಾಗಿಲ ಚೌಕಟ್ಟಿನ ನೆಟ್ಟಗಿನ ಅಂಚನ್ನು ನೋಡಿ. ಸ್ಕೋಪಿನೊಳಗೆ ಕಾಣುವ ಅಂಚೂ ಹೊರಗಿನ ಅಂಚೂ ಒಂದಕ್ಕೊಂದು ಕೂಡಿಕೊಂಡರೆ ಅದು ನಿಜವಾದ ಒಂದು ಪಟ್ಟು. ಒಳಗಿನದು ಕೊಂಚ ದೊಡ್ಡದಾಗಿಯೋ ಅಂಚಿನಲ್ಲಿ ಬಾಗಿಯೋ ಕಂಡರೆ ಎರಡು ಕಣ್ಣುಗಳ ಚಿತ್ರ ಹೊಂದದೆ ತಲೆ ಸುತ್ತಿದಂತಾಗುತ್ತದೆ. ತಲೆಯನ್ನು ಬೇಕೆಂದೇ ಅತ್ತಿತ್ತ ಸರಿಸಿ, ಕಪ್ಪು ಯಾವಾಗ ಕವಿಯುತ್ತದೆ ನೋಡಿ. ಅಂಗಡಿಯವರ ಅನುಮತಿ ಕೇಳಿ ಬಾಗಿಲ ಬಳಿ ಹೋಗಿ, ಬಿಸಿಲು ಬಿದ್ದ ಗೋಡೆಯ ಮೇಲೆ ರೆಟಿಕಲ್ಲಿನ ಬೆಳಗುವ ಚುಕ್ಕೆ ಎದ್ದು ಕಾಣುತ್ತದೆಯೇ ಪರೀಕ್ಷಿಸಿ. ಟ್ಯೂಬ್‌ಲೈಟಿನ ಕೆಳಗೆ ಎಲ್ಲ ಚುಕ್ಕೆಗಳೂ ಚೆನ್ನಾಗಿಯೇ ಹೊಳೆಯುತ್ತವೆ.

ಒಂದು ಪಟ್ಟೇ ಮುಖ್ಯವಾದರೆ ಹಿಗ್ಗಿಸದೆ ಬೆಳಗುವ ಚುಕ್ಕೆಯನ್ನಷ್ಟೇ ತೋರಿಸುವ ರೆಡ್ ಡಾಟ್ ಸೈಟು ಸಾಕಲ್ಲ ಎಂಬುದು ಈ ವಾದಕ್ಕೆ ಎದುರಾಗುವ ಅತಿ ಗಟ್ಟಿಯಾದ ಪ್ರಶ್ನೆ. ಐವತ್ತು ಗಜದೊಳಗೆ ಮಾತ್ರ ಹೊಡೆಯುವವರಿಗೆ ಖಂಡಿತ ಸಾಕು. ಏಮ್‌ಪಾಯಿಂಟ್ ಟಿ-2ರಂಥ ಸಣ್ಣ ರೆಡ್ ಡಾಟ್ ತೂಗುವುದು ಬರಿ 84 ಗ್ರಾಂ, ರೇಜರ್ 1-6 ಅದನ್ನು ಕೂರಿಸುವ ಮೌಂಟ್ ಬಿಟ್ಟೇ 610 ಗ್ರಾಂ. ಕಣ್ಣು ಎಲ್ಲಿಟ್ಟರೂ ನಡೆಯುವ ರೆಡ್ ಡಾಟಿನ ಸರಾಗ ಯಾವ ಎಲ್‌ಪಿವಿಒಗೂ ಇಲ್ಲ. ಆದರೂ ಎರಡು ಕಾರಣಕ್ಕೆ ನಾನು ಸ್ಕೋಪಿನ ಪರ ನಿಲ್ಲುತ್ತೇನೆ. ಅಸ್ಟಿಗ್ಮಾಟಿಸಂ ಇರುವ ಕಣ್ಣಿಗೆ ರೆಡ್ ಡಾಟಿನ ಚುಕ್ಕೆ ನಕ್ಷತ್ರದಂತೆ ಒಡೆದೋ ಧೂಮಕೇತುವಿನಂತೆ ಎಳೆದೋ ಕಾಣುತ್ತದೆ. ಗಾಜಿನ ಮೇಲೆ ಕೊರೆದ ರೆಟಿಕಲ್ ಅದೇ ಕಣ್ಣಿಗೆ ಎಷ್ಟೋ ಚೂಪಾಗಿ ಕಾಣುತ್ತದೆ, ಬ್ಯಾಟರಿ ಸತ್ತರೂ ಉಳಿಯುತ್ತದೆ.   ಎರಡನೆಯ ಕಾರಣ ಸರಳ: ನೂರು ಗಜದಾಚೆಗೆ ನಾಲ್ಕು ಪಟ್ಟು ಕೊಡುವ ಸಹಾಯ ದೊಡ್ಡದು. ಒಂದರಿಂದ ನಾಲ್ಕಕ್ಕೆ ಏರಿದಾಗ ಸಿಗುವ ಲಾಭದ ಸಣ್ಣ ಪಾಲಷ್ಟೇ ಆರರಿಂದ ಹತ್ತಕ್ಕೆ ಏರಿದಾಗ ಸಿಗುತ್ತದೆ.

ರೆಟಿಕಲ್ ವಿಷಯದಲ್ಲಿ ಮಾರುಕಟ್ಟೆ ಗೊಂದಲ ಎಬ್ಬಿಸುತ್ತದೆ. ಫಸ್ಟ್ ಫೋಕಲ್ ಪ್ಲೇನ್ ಸ್ಕೋಪಿನಲ್ಲಿ ಪವರ್ ಏರಿದಂತೆ ರೆಟಿಕಲ್ಲೂ ದೊಡ್ಡದಾಗುತ್ತದೆ, ಅದರ ಗೆರೆಗಳ ಅಳತೆ ಎಲ್ಲ ಪವರಿನಲ್ಲೂ ನಿಜ. ಆದರೆ ಒಂದು ಪಟ್ಟಿನಲ್ಲಿ ಅದು ಕುಗ್ಗಿ ಇರುವೆಯಾಗುತ್ತದೆ, ಚುಕ್ಕೆ ಪ್ರಖರವಾಗಿ ಬೆಳಗದಿದ್ದರೆ ಕಣ್ಣಿಗೆ ಸಿಗುವುದೇ ಇಲ್ಲ. ಸೆಕೆಂಡ್ ಫೋಕಲ್ ಪ್ಲೇನಿನಲ್ಲಿ ರೆಟಿಕಲ್ ಸದಾ ಒಂದೇ ಗಾತ್ರ, ಆದರೆ ಅಳತೆ ನಿಜವಾಗುವುದು ಸಾಮಾನ್ಯವಾಗಿ ಪೂರ್ತಿ ಪವರಿನಲ್ಲಿ ಮಾತ್ರ. ಆರು ಪಟ್ಟಿನಲ್ಲಿ ಎರಡು ಮಿಲ್ (ಇದೂ ಎಂಒಎಯಂತೆ ಕೋನದ ಅಳತೆ) ತೋರಿಸುವ ಗೆರೆ ಮೂರು ಪಟ್ಟಿನಲ್ಲಿ ನಾಲ್ಕು ಮಿಲ್ ಆಗಿಬಿಡುತ್ತದೆ. ರೇಂಜಿನಲ್ಲಿ ದೂರ ಮೊದಲೇ ಗೊತ್ತು, ದೂರದ ಗುರಿಗೆ ಹೊಡೆಯುವಾಗ ಪವರ್ ತುದಿಯಲ್ಲೇ ಇರುತ್ತದೆ. ಆದ್ದರಿಂದ ಆರು ಪಟ್ಟಿನವರೆಗಿನ ಸ್ಕೋಪಿಗೆ ಸೆಕೆಂಡ್ ಫೋಕಲ್ ಪ್ಲೇನೇ ಸರಿ ಎಂಬುದು ನನ್ನ ತೀರ್ಮಾನ. ಎಂಟು-ಹತ್ತಕ್ಕೆ ಹೋಗಲೇಬೇಕೆಂದವರು ಫಸ್ಟ್ ಫೋಕಲ್ ಪ್ಲೇನ್ ನೋಡಲಿ. ಗುಂಡಿನ ಇಳಿತವನ್ನು 300, 400, 500 ಎಂದು ಮೊದಲೇ ಗುರುತು ಹಾಕಿದ ಬಿ.ಡಿ.ಸಿ. (BDC) ರೆಟಿಕಲ್‌ಗಳ ಬಗ್ಗೆ ಎಚ್ಚರವಿರಲಿ. ಆ ಗುರುತುಗಳು ಒಂದು ನಿರ್ದಿಷ್ಟ ಗುಂಡು, ವೇಗ, ಜೀರೋ ದೂರಕ್ಕೆ (ಗುರಿಯಿಟ್ಟಲ್ಲೇ ಗುಂಡು ಬೀಳುವಂತೆ ಸ್ಕೋಪನ್ನು ಸರಿಮಾಡಿದ ದೂರಕ್ಕೆ) ಹೊಂದಿಸಿದವು. ಅಂಥ ಸ್ಕೋಪನ್ನು .22 ರೈಫಲ್ ಮೇಲೆ ಕೂರಿಸಿದರೆ ಅಂಕಿಗಳಿಗೆ ಅರ್ಥವಿಲ್ಲ. ಸಾದಾ ಮಿಲ್ ಅಥವಾ ಎಂಒಎ ಗೆರೆಗಳು ಯಾವ ಗುಂಡಿಗೂ ಆಗುತ್ತವೆ.

ಜೀರೋ ಹೊಂದಿಸಲು ತಿರುಗಿಸುವ ಟರೆಟ್ಟಿನ ಕ್ಲಿಕ್ಕುಗಳ ಸೂಕ್ಷ್ಮತೆಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. 0.2 ಮಿಲ್ ಕ್ಲಿಕ್ 100 ಮೀಟರಿನಲ್ಲಿ ಎರಡು ಸೆಂಟಿಮೀಟರ್ ಸರಿಸುತ್ತದೆ, ಉಳಿಯಬಹುದಾದ ತಪ್ಪು ಹೆಚ್ಚೆಂದರೆ ಒಂದು ಸೆಂಟಿಮೀಟರ್. ಮೇಲೆ ಹೇಳಿದ ಗುಂಡುಗಳ ಹರವಿನಲ್ಲಿ ಅದು ಮುಳುಗಿಹೋಗುತ್ತದೆ. ಮುಚ್ಚಳವಿರುವ ಟರೆಟ್ ಒಳ್ಳೆಯದು, ಚೀಲಕ್ಕೆ ತಗುಲಿ ತಿರುಗುವುದಿಲ್ಲ. ಗಮನ ಬೇಕಾದದ್ದು ಪ್ಯಾರಲಾಕ್ಸಿಗೆ, ಅಂದರೆ ಕಣ್ಣು ಸರಿದಾಗ ಗುರಿಯ ಮೇಲೆ ರೆಟಿಕಲ್ಲೂ ಸರಿದಂತೆ ಕಾಣುವ ತಪ್ಪಿಗೆ. ಇವುಗಳಲ್ಲಿ ಅದನ್ನು ಸಾಮಾನ್ಯವಾಗಿ 100 ಗಜಕ್ಕೆ ಖಾಯಂ ಮಾಡಿರುತ್ತಾರೆ. ಕಣ್ಣು ಪೂರ್ತಿ ಅಂಚಿಗೆ ಸರಿದರೆ 24 ಮಿಲಿಮೀಟರ್ ಲೆನ್ಸಿನಲ್ಲಿ ಆಗಬಹುದಾದ ಗರಿಷ್ಠ ತಪ್ಪು 50 ಗಜದಲ್ಲಿ ಸುಮಾರು 6 ಮಿಲಿಮೀಟರ್, 25 ಗಜದಲ್ಲಿ 9, 600 ಗಜದಲ್ಲಿ 60. ಎಆರ್‌ಗೆ ಇದು ಲೆಕ್ಕಕ್ಕಿಲ್ಲ. ಆದರೆ .22 ರೈಫಲ್‌ನಲ್ಲಿ 25 ಗಜಕ್ಕೆ ಸಣ್ಣ ಗುರಿ ಹೊಡೆಯುವವರಿಗೆ 9 ಮಿಲಿಮೀಟರ್ ಸಣ್ಣದಲ್ಲ. ಅವರು 50 ಗಜಕ್ಕೆ ಹೊಂದಿಸಿದ ರಿಮ್‌ಫೈರ್ ಸ್ಕೋಪು ಹುಡುಕಲಿ, ಸಿಗದಿದ್ದರೆ ಕೆನ್ನೆಯನ್ನು ಪ್ರತಿ ಸಲವೂ ಒಂದೇ ಕಡೆ ಊರುವ ಅಭ್ಯಾಸ ಮಾಡಿಕೊಳ್ಳಲಿ.

ಸ್ಕೋಪಿಗೆಂದು ತೆಗೆದಿಟ್ಟ ಹಣದಲ್ಲಿ ಮೌಂಟಿನ ಪಾಲನ್ನು ಮೊದಲೇ ಬೇರೆ ಮಾಡಿ. ಎಆರ್‌ಗೆ ಮುಂದಕ್ಕೆ ಚಾಚಿದ ಒಂದೇ ತುಂಡಿನ ಕ್ಯಾಂಟಿಲಿವರ್ ಮೌಂಟ್ ಬೇಕು, ಇಲ್ಲದಿದ್ದರೆ ಕಣ್ಣಿಗೂ ಸ್ಕೋಪಿಗೂ ಬೇಕಾದ ಒಂಬತ್ತು-ಹತ್ತು ಸೆಂಟಿಮೀಟರ್ ಅಂತರ ಹೊಂದುವುದಿಲ್ಲ. ಈ ಅಂತರವನ್ನು ಪೂರ್ತಿ ಪವರಿನಲ್ಲಿಟ್ಟೇ ಹೊಂದಿಸಿ, ಅಲ್ಲಿ ಸರಿಯಾದರೆ ಒಂದು ಪಟ್ಟಿನಲ್ಲೂ ಸರಿಯಾಗುತ್ತದೆ. ಮೌಂಟಿನ ಉಂಗುರಗಳ ತಿರುಪುಗಳಿಗೆ ಟಾರ್ಕ್ ಸ್ಪ್ಯಾನರ್ ಬಳಸಿ ತಯಾರಕರು ಹೇಳಿದಷ್ಟೇ ಬಿಗಿಯಿರಿ. ಹಲವು ಕಂಪನಿಗಳು ಹೇಳುವುದು 18 ಇಂಚು-ಪೌಂಡ್, ಅಂದರೆ ಸುಮಾರು 2 ನ್ಯೂಟನ್ ಮೀಟರ್. ಅದಕ್ಕಿಂತ ಬಿಗಿದರೆ ಕೊಳವೆ ಹಿಂಡಿ ಒಳಗಿನ ಚಲನೆ ಕೆಡುತ್ತದೆ. 50 ಗಜದಲ್ಲಿ ಜೀರೋ ಮಾಡಿದರೆ 5.56 ಗುಂಡು ಸುಮಾರು 200 ಗಜದಲ್ಲಿ ಮತ್ತೆ ಅದೇ ಎತ್ತರಕ್ಕೆ ಬರುತ್ತದೆ, ಸಾಧಾರಣ ರೇಂಜಿಗೆ ಇದಕ್ಕಿಂತ ಅನುಕೂಲದ ದೂರ ಇಲ್ಲ. ಸ್ಕೋಪು ನಳಿಗೆಗಿಂತ ಆರೇಳು ಸೆಂಟಿಮೀಟರ್ ಎತ್ತರದಲ್ಲಿರುವುದರಿಂದ ಹತ್ತು ಗಜದ ಗುರಿಗೆ ಗುಂಡು ನೀವು ಇಟ್ಟ ಚುಕ್ಕೆಗಿಂತ ಐದಾರು ಸೆಂಟಿಮೀಟರ್ ಕೆಳಗೆ ಬೀಳುತ್ತದೆ, ಹತ್ತಿರದ ಸಣ್ಣ ಗುರಿಗಳಿಗೆ ಅಷ್ಟು ಮೇಲೆ ಹಿಡಿಯಬೇಕು. ಜೀರೋ ಆದ ಮೇಲೆ ಐದು ಗುಂಡಿನ ಗುಂಪು ಹೊಡೆದು, ಇಪ್ಪತ್ತು ಕ್ಲಿಕ್ ಮೇಲೆ, ಇಪ್ಪತ್ತು ಬಲಕ್ಕೆ, ಅಷ್ಟೇ ಕೆಳಗೆ, ಅಷ್ಟೇ ಎಡಕ್ಕೆ ತಿರುಗಿಸುತ್ತ ಪ್ರತಿ ಮೂಲೆಯಲ್ಲೂ ಹೊಡೆಯಿರಿ. ಕೊನೆಯ ಗುಂಪು ಮೊದಲನೆಯದರ ಮೇಲೆಯೇ ಬೀಳದಿದ್ದರೆ, ಮೌಂಟಿನ ತಿರುಪುಗಳನ್ನು ಒಮ್ಮೆ ನೋಡಿಕೊಂಡು, ಅವು ಸರಿಯಿದ್ದರೆ ವಾಪಸಾತಿಯ ಗಡುವು ಮುಗಿಯುವುದರೊಳಗೆ ಸ್ಕೋಪನ್ನು ಅಂಗಡಿಗೆ ಹಿಂತಿರುಗಿಸಿ.